ಹಿಮಗಾಳಿ ಬರುವುದು ಮೊದಲೇ ಗೊತ್ತಾಗುವುದು ಹೇಗೆ?

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತು. ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರೇ. ಒಂಬತ್ತು ಜನ ತೀರಿಕೊಂಡರು. ಉಳಿದ 13 ಜನರನ್ನು ಉಳಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳೂ ಹೋಗಬೇಕಾಯಿತು. ನಾವಿಲ್ಲಿ ಬೆಳಗಾವಿಯಲ್ಲಿ ಮುಂಗಾರು ಮಳೆಯ ದಾರಿ ಕಾಯುತ್ತಿದ್ದ ದಿನಗಳವು.

ಈ ವಿಷಯ ನಾನು ಓದತೊಡಗಿದ್ದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಾಮೂನ ಮಗ ಈ ಚಳಿಗಾಲ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದಾನೆ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕಲಿಯಬೇಕಂತೆ. ಮನೆಯವರಿಗೆಲ್ಲ ಸಹಸ್ರತಾಲ್ ಸುದ್ದಿ ಇನ್ನೂ ನೆನಪಿದೆ. ಮೊಬೈಲ್‌ನಲ್ಲಿ ಹವಾಮಾನ ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಚಳಿಗಾಲದಲ್ಲಿ ಹಿಮಾಲಯಕ್ಕೆ ಹಿಮ ತರುವುದು ಹೆಚ್ಚಾಗಿ ‘ಪಶ್ಚಿಮದ ಅಡಚಣೆ’ ಎಂಬ ಗಾಳಿಯ ವ್ಯವಸ್ಥೆ. ಇದು ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುತ್ತದೆ. ಅಷ್ಟು ದೂರದಿಂದ ಬರುವುದರಿಂದ ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಮೊದಲೇ ಕಾಣುತ್ತದೆ. ದಿನಕ್ಕೆ ಎರಡು ಸಲ ಹಾರಿಸುವ ಬಲೂನುಗಳು ಮೇಲಿನ ಗಾಳಿಯ ಉಷ್ಣಾಂಶ, ತೇವಾಂಶ, ವೇಗ ತಿಳಿಸುತ್ತವೆ. ಈ ಎಲ್ಲ ಲೆಕ್ಕ ಕಂಪ್ಯೂಟರ್‌ಗೆ ಹೋಗುತ್ತದೆ. ಹೀಗಾಗಿ ಮೂರು ನಾಲ್ಕು ದಿನ ಮುಂಚೆಯೇ ‘ಹಿಮ ಬರುತ್ತದೆ’ ಎಂದು ಹೇಳಲು ಸಾಧ್ಯ. ಎಲ್ಲಿ, ಎಷ್ಟು ಎಂಬುದೇ ಕಷ್ಟದ ಪ್ರಶ್ನೆ.

ಯಾಕೆ ಕಷ್ಟ ಎಂಬುದು ಖಾನಾಪುರ ತಾಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಜುಲೈಯಲ್ಲಿ ಕಣಕುಂಬಿ, ಜಾಂಬೋಟಿ ಕಡೆ ರಸ್ತೆ ಕಾಣದಂತೆ ಮಳೆ ಸುರಿಯುವಾಗ ಇಲ್ಲಿ ಕೋಟೆ ಕೆರೆಯ ಹತ್ತಿರ ಬರೀ ಜಿಟಿಜಿಟಿ. ಗೋಕಾಕದ ಕಡೆ ಅದೂ ಇಲ್ಲ. ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಹಿಡಿದಿದ್ದ ನೀರನ್ನು ಅಲ್ಲೇ ಬಿಡುತ್ತದೆ. ಹಿಮಾಲಯದಲ್ಲಿಯೂ ನಡೆಯುವುದು ಇದೇ, ಆದರೆ ಘಟ್ಟದ ಹಲವು ಪಟ್ಟು ಎತ್ತರದಲ್ಲಿ. ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತದೆ. ಚೌಕ 12 ಕಿಲೋಮೀಟರ್ ಇದ್ದರೆ ಬೆಳಗಾವಿಯಿಂದ ಖಾನಾಪುರಕ್ಕೆ ಎರಡೇ ಚೌಕ! ಪರ್ವತದಲ್ಲಿ ಅಂಥ ಒಂದು ಚೌಕದೊಳಗೆ ಕಣಿವೆಯೂ ಇರುತ್ತದೆ, ಶಿಖರವೂ ಇರುತ್ತದೆ. ಎರಡರ ಸರಾಸರಿ ಯಾರಿಗೂ ಉಪಯೋಗವಿಲ್ಲ.

ಆದ್ದರಿಂದ ಎತ್ತರದ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾ ಎಂಬ ತೂಗುಬಂಡಿ ಎರಡು ಹಂತ ದಾಟಿ 3,900 ಮೀಟರ್‌ಗಿಂತಲೂ ಮೇಲೆ ಬಿಡುತ್ತದೆ. ಮೊಬೈಲ್ ಊರಿಗೆ 3 ಡಿಗ್ರಿ ತೋರಿಸಿದರೆ ಮೇಲೆ ಮೈನಸ್ 5ರ ಆಸುಪಾಸು. ಕೆಳಗೆ ಮಳೆಯಾಗಿ ಬೀಳುವುದು ಮೇಲೆ ಹಿಮವಾಗಿ ಬೀಳುತ್ತದೆ. ಇನ್ನು ಗಾಳಿ: ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ತಾಗುವ ಚಳಿ ಮೈನಸ್ 20ರ ಹಾಗೆ. ಹಿಮದ ಆಳಕ್ಕೂ ಸುಲಭ ಲೆಕ್ಕವಿದೆ. ಒಂದು ಮಿಲಿಮೀಟರ್ ನೀರಿಗೆ ಸುಮಾರು ಒಂದು ಸೆಂಟಿಮೀಟರ್ ಹಿಮ. ಮುನ್ಸೂಚನೆಯಲ್ಲಿ 30 ಮಿಲಿಮೀಟರ್ ಎಂದಿದ್ದರೆ ನಮ್ಮ ಚೀಲದಲ್ಲಿರುವ ದೊಡ್ಡ ಸ್ಕೇಲಿನಷ್ಟು ಆಳ.

‘ಶೇಕಡಾ 60 ಅಂದರೆ ಬರ್ತದೋ ಇಲ್ಲೋ, ಅಷ್ಟು ಹೇಳು ಬೇಟಾ’ ಎಂದು ಅಮ್ಮಿ ಕೇಳಿದರು. ಇದಕ್ಕೆ ಕಾಮರ್ಸ್‌ನವರಾದ ನಾವು ಚೆನ್ನಾಗಿ ಉತ್ತರ ಕೊಡಬಹುದು. ಇಂಥ ಹತ್ತು ಮುನ್ಸೂಚನೆಗಳಲ್ಲಿ ಆರು ಸಲ ಬರುತ್ತದೆ, ನಾಲ್ಕು ಸಲ ಬರುವುದಿಲ್ಲ. ಬರದಿದ್ದರೆ ‘ಸುಳ್ಳು ಹೇಳಿದರು’ ಎನ್ನುವ ಹಾಗಿಲ್ಲ. ಮುಖ್ಯವಾದದ್ದು ನಷ್ಟ ಎಷ್ಟು ಎಂಬುದು. ಛತ್ರಿ ಮರೆತು ಕಾಲೇಜಿಗೆ ಬಂದರೆ ನೆನೆಯುತ್ತೇವೆ, ಅಷ್ಟೇ. ಮರವೂ ಇಲ್ಲದ ಇಳಿಜಾರಿನಲ್ಲಾದರೆ ಶೇಕಡಾ 20 ಕೂಡ ದೊಡ್ಡ ಸಂಖ್ಯೆ. ಮುಂಗಡ ಕೊಟ್ಟಾಗಿದೆ, ರಜೆ ಮುಗಿಯುತ್ತದೆ ಎಂದು ಹೊರಡುವವರು ಬಹಳ. ಹಾಗೆ ಕೊಟ್ಟ ಹಣ ಲೆಕ್ಕಕ್ಕೆ ಬರಬಾರದು. ಹೋದರೂ ಹೋಗದಿದ್ದರೂ ಅದು ವಾಪಸ್ ಬರುವುದಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆ ಆಕಾಶವನ್ನೇ ನೋಡಬೇಕು. ಮೊದಲು ಹತ್ತಿ ಎಳೆದಂಥ ತೆಳು ಮೋಡ. ಆಮೇಲೆ ಸೂರ್ಯನ ಸುತ್ತ ಬಳೆ. ಬಳಿಕ ಮೋಡ ದಪ್ಪವಾಗುತ್ತ ಕೆಳಗಿಳಿಯುತ್ತದೆ. ಎತ್ತರ ತೋರಿಸುವ ಕೈಗಡಿಯಾರ ಇನ್ನೊಂದು ಸಾಕ್ಷಿ. ಅದು ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತದೆ. ರಾತ್ರಿ ಡೇರೆಯಲ್ಲಿ ಮಲಗಿದ್ದಾಗಲೇ ನಾವು ‘ಮೇಲೇರಿದ್ದೇವೆ’ ಎಂದು ಅದು ತೋರಿಸಿದರೆ, ಒತ್ತಡ ಕುಸಿದಿದೆ ಎಂದರ್ಥ. ಆದರೆ ಬೇಸಿಗೆಯ ಮಧ್ಯಾಹ್ನ ಅಲ್ಲಲ್ಲೇ ಏಳುವ ಗುಡುಗು ಮೋಡಕ್ಕೆ ಇಷ್ಟು ಮುನ್ನೋಟೀಸ್ ಇರುವುದಿಲ್ಲ. ಅದಕ್ಕೇ ಅನುಭವಿಗಳು ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿಯುತ್ತಾರೆ.

ಹಿಮ ನಿಂತು ಬಿಸಿಲು ಬಂದ ದಿನವೇ ಸ್ಕೀ ಮಾಡುವವರಿಗೆ ಆಸೆ ಹೆಚ್ಚು, ಅಪಾಯವೂ ಹೆಚ್ಚು. ಹೊಸ ಹಿಮ ಹಳೆಯದಕ್ಕೆ ಅಂಟಿಕೊಳ್ಳಲು ಸಮಯ ಬೇಕು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ತೂಕಕ್ಕೇ ಇಡೀ ಪದರ ಕಿತ್ತುಬರಬಹುದು. 2024ರ ಫೆಬ್ರವರಿ 22ರಂದು, ಹಲವು ದಿನ ಭಾರಿ ಹಿಮ ಬಿದ್ದ ಮೇಲೆ, ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಹಿಮಪಾತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ಸತ್ತರು. ಇದಕ್ಕಾಗಿ ಡಿಆರ್‌ಡಿಒದ ಚಂಡೀಗಢ ಸಂಸ್ಥೆ ಬೇರೆಯೇ ಎಚ್ಚರಿಕೆ ಕೊಡುತ್ತದೆ. ಹವಾಮಾನ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ಕಂಡರೂ ಆ ಎಚ್ಚರಿಕೆಯನ್ನು ಬೇರೆಯಾಗಿ ಓದಬೇಕು. ಅದು ತೆರವಾಗುವ ತನಕ ಗೊಂಡೊಲಾದ ಎರಡನೇ ಹಂತ ಹತ್ತುವುದಿಲ್ಲ ಎಂದು ಭಾಯಿ ಅಮ್ಮಿಗೆ ಮಾತು ಕೊಟ್ಟಿದ್ದಾನೆ. ಕೆಳಗಿನ ಇಳಿಜಾರೇ ಕಲಿಯುವವರಿಗೆ ಸಾಕಂತೆ.