ಮೊದಲ ವರ್ಷ ದಾಟಿಸಿ, ತಾಯಂದಿರೇ!

ಮಗಳು ಪಿಯುಸಿ ಪಾಸಾದಳು. ಹೂವಿನ ಹಡಗಲಿಯ ಕಾಲೇಜಿಗೆ ಹೆಸರು ಹಚ್ಚಿದ್ದೂ ಆಯಿತು. ಓಣಿಗೆಲ್ಲ ಪೇಡೆ ಹಂಚಿ, "ಇನ್ನು ಮೂರು ವರ್ಷ ಚಿಂತೆಯಿಲ್ಲ" ಎಂದು ಕುಳಿತಿರಾ? ಸ್ವಲ್ಪ ತಾಳಿ. ಕಾಲೇಜಿಗೆ ಸೇರಿಸುವುದು ಸುಲಭ, ಮೊದಲ ವರ್ಷ ದಾಟಿಸುವುದೇ ಕಷ್ಟ. ಆ ವರ್ಷ ಮಗಳಿಗೆ ಹೇಗೋ, ತಾಯಿಗೂ ಹಾಗೇ ಪರೀಕ್ಷೆ.

ಮೈಲಾರದಂಥ ಊರಿನ ಹುಡುಗಿಗೆ ಕಾಲೇಜೆಂದರೆ ಹೊಸ ಲೋಕ. ಕನ್ನಡದಲ್ಲಿ ಓದಿ ಬಂದವಳ ಕೈಗೆ ಇಂಗ್ಲಿಷ್ ಪುಸ್ತಕ ಬರುತ್ತದೆ. ತಿಂಗಳೊಳಗೆ, "ಯವ್ವಾ, ಒಂದೂ ತಿಳಿಯವಲ್ದು" ಎಂದು ಕಣ್ಣೀರು. ಆಗ "ಬಿಟ್ಟುಬಿಡು" ಎನ್ನಬೇಡಿ. ಅರ್ಥವಾಗದ್ದನ್ನು ಅಂದೇ ಗುರುತು ಹಾಕಿಕೊಂಡು ಮರುದಿನ ಮೇಷ್ಟ್ರನ್ನು ಕೇಳಲಿ. ಪರೀಕ್ಷೆ ಕನ್ನಡದಲ್ಲಿ ಬರೆಯಬಹುದೇ ಎಂದು ಮೊದಲೇ ವಿಚಾರಿಸಲಿ. ದಿನಕ್ಕೆ ಹತ್ತು ಹೊಸ ಪದ ಬರೆದಿಟ್ಟರೂ ವರ್ಷಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಎರಡನೆಯದು ಹಾಜರಿ. ನೂರಕ್ಕೆ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. 2023ರ ಜೂನ್ 11ರಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಪಾಠವೂ ತಪ್ಪಿತು. ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವುದು, ನೀರು ತರುವುದು, ರೊಟ್ಟಿ ಬಡಿಯುವುದು ಎಲ್ಲವೂ ಅವಳ ತಲೆಗೇ ಬಂದರೆ ಬಸ್ಸು ಹೇಗೆ ಸಿಕ್ಕೀತು? ಒಂದು ಕೆಲಸ ಅಣ್ಣನಿಗೂ ಹಂಚಿ; ಅವನ ಕೈ ಸವೆಯುವುದಿಲ್ಲ! ಭರತ ಹುಣ್ಣಿಮೆಗೆ ಮೈಲಾರಲಿಂಗನ ಜಾತ್ರೆ, ಮನೆ ತುಂಬ ನೆಂಟರು, ನಿಜ. ಎರಡು ದಿನ ಉಳಿಯಲಿ, ಎರಡು ವಾರ ಬೇಡ.

ಮೂರನೆಯದು ದುಡ್ಡು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 30,000 ರೂಪಾಯಿ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು ಫಲಿತಾಂಶ. ನಮ್ಮ ಮೈಲಾರದ ಕಾರ್ಣಿಕ ನಿಮಗೆ ಗೊತ್ತೇ ಇದೆ. ಬಿಲ್ಲೇರಿದ ಗೊರವಯ್ಯ ನುಡಿಯುವುದು ಒಂದೇ ಮಾತು. ರೈತರು ಅದಕ್ಕೆ ಮಳೆ-ಬೆಳೆಯ ಅರ್ಥ ಹೇಳಿದರೆ, ರಾಜಕೀಯದವರು ಬೇರೆಯೇ ಹೇಳುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಮಗಳು ಒಂದು ವಿಷಯದಲ್ಲಿ ಫೇಲಾದರೆ, ಆ ಒಂದು ಮಾತಿಗೂ ಬಂಧು-ಬಳಗ ನೂರು ಅರ್ಥ ಹಚ್ಚುತ್ತದೆ. "ಓದು ಇವಳ ಹಣೆಯಲ್ಲಿ ಬರೆದಿಲ್ಲ" ಎಂಬುದು ಅದರಲ್ಲೊಂದು. ಅಸಲಿಗೆ ಅದರ ಅರ್ಥ ಇಷ್ಟೇ: ಆ ವಿಷಯವನ್ನು ಮತ್ತೊಮ್ಮೆ ಬರೆಯಬೇಕು. ಬಿತ್ತಿದ ಬೀಜ ಒಂದೆರಡು ಮೊಳೆಯಲಿಲ್ಲವೆಂದು ಹೊಲವನ್ನೇ ಬೀಳು ಬಿಡುತ್ತೇವೆಯೇ?

ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ಮಾತು. ಹುಡುಗಿಗೆ ಕಾನೂನಿನಂತೆ ಮದುವೆಯ ವಯಸ್ಸಾಗುವುದು 18ಕ್ಕೆ. ಕಾಲೇಜಿನ ಮೊದಲ ವರ್ಷವೂ ಹೆಚ್ಚುಕಡಿಮೆ ಆಗಲೇ. ಫೇಲಾದ ಸುದ್ದಿಯ ಹಿಂದೆಯೇ ಗಂಡಿನ ಕಡೆಯವರು ಹೊಸ್ತಿಲಿಗೆ ಬರುತ್ತಾರೆ. "ಒಳ್ಳೆ ಮನೆತನ, ಮತ್ತೆ ಸಿಗುತ್ತದೆಯೇ?" ಎಂದು ಯಜಮಾನರು ಅಂದಾರು. 18 ಎಂದರೆ ಅದಕ್ಕೆ ಮೊದಲು ಕೂಡದು ಎಂದೇ ಹೊರತು, ಆಗಲೇ ಆಗಬೇಕು ಎಂದಲ್ಲ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯಿದೆ. ಪದವಿ ಬೇಡುವ ಹುದ್ದೆಗೆ ಅರ್ಧಕ್ಕೆ ಬಿಟ್ಟವಳು ಅರ್ಜಿಯನ್ನೂ ಹಾಕಲಾರಳು. ಇದನ್ನು ಯಜಮಾನರಿಗೆ ಸಮಾಧಾನದಿಂದ ತಿಳಿಸಿ.

ಆ ಮಾತನ್ನು ಮಗಳು ಆಡಿದರೆ "ಎದುರು ಮಾತಾಡ್ತಾಳೆ" ಎನ್ನುತ್ತಾರೆ. ನೀವು ಆಡಿದರೆ ಕೇಳುತ್ತಾರೆ.