ಜಾಲಪುಟಗಳಲ್ಲಿ ಅಕ್ಷರಗಳ ಗಾತ್ರಭೇದ

ಒಂದೇ ಜಾಲಪುಟದ ಕನ್ನಡ ಅಕ್ಷರಗಳು ಒಂದು ಬ್ರೌಸರಿನಲ್ಲಿ ದೊಡ್ಡವಾಗಿಯೂ ಮತ್ತೊಂದರಲ್ಲಿ ಕಿರಿದಾಗಿಯೂ ತೋರುವುದುಂಟು. ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು ಫಾಂಟಿನ ಭೇದ. ಪುಟವು ಕನ್ನಡ ಫಾಂಟನ್ನು ನಿರ್ದೇಶಿಸದಿದ್ದರೆ ಪ್ರತಿಯೊಂದು ಯಂತ್ರವೂ ತನ್ನಲ್ಲಿರುವುದನ್ನೇ ಬಳಸುತ್ತದೆ: ವಿಂಡೋಸಿನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡಿನಲ್ಲಿ ನೋಟೋ ಕನ್ನಡ. ಅಂಕಿ ಒಂದೇ ಆದರೂ ಅಕ್ಷರಗಳ ಎತ್ತರ ಒಂದೇ ಆಗದು. ಪುಟದೊಡನೆ ಫಾಂಟನ್ನೂ ಕಳುಹಿಸುವುದು ಇದಕ್ಕೆ ಪರಿಹಾರ.

ಎರಡನೆಯದು ಬ್ರೌಸರಿನ ಮೂಲಗಾತ್ರ. ಅದು ಸಾಮಾನ್ಯವಾಗಿ 16 ಪಿಕ್ಸೆಲ್. ಆದರೆ ದೃಷ್ಟಿ ಮಂದವಾದವರು ಅದನ್ನು ಹಿಗ್ಗಿಸಿಕೊಂಡಿರಬಹುದು. ಎಲ್ಲೆಡೆ ಸಮತೆ ಬೇಕೆಂದು ಗಾತ್ರವನ್ನು ಪಿಕ್ಸೆಲ್‌ಗಳಲ್ಲಿ ಬಿಗಿದರೆ ಅವರ ಆಯ್ಕೆ ನಿಷ್ಫಲವಾಗುವುದು. ಆದುದರಿಂದ ಪುಟದ ಮೂಲಗಾತ್ರವನ್ನು 100% ಎಂದೇ ಇರಿಸಿ, ಉಳಿದ ಗಾತ್ರಗಳನ್ನು ಅದನ್ನೇ ಅಳತೆಗೋಲಾಗಿಸಿಕೊಂಡ ‘ರೆಮ್’ ಮಾನದಲ್ಲಿ ಸೂಚಿಸುವುದು ಲೇಸು. ಅಜಾಗರೂಕತೆಯಿಂದ ಬಂದ ಭೇದವನ್ನು ಅಳಿಸಬೇಕು. ಓದುಗನ ಅಗತ್ಯದಿಂದ ಬಂದುದನ್ನು ಉಳಿಸಬೇಕು.