ಮನೆಯಲ್ಲಿ ದುಡಿಯುವವರ ಖರ್ಚು ಮತ್ತು ಆದಾಯ ತೆರಿಗೆ

ದುಡಿಮೆಯೆಂದರೆ ಬೆಳಗ್ಗೆ ಮನೆಯಿಂದ ಹೊರಟು ಕಚೇರಿಗೋ ಕಾರಖಾನೆಗೋ ಹೋಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಮನೆಯೇ ಮನುಷ್ಯನ ಮೊದಲ ಕಾರ್ಯಾಗಾರ. ನೇಕಾರನ ಮಗ್ಗ, ಕುಂಬಾರನ ತಿಗರಿ, ಅಕ್ಕಸಾಲಿಗನ ಅಗ್ಗಿಷ್ಟಿಕೆ ಇವೆಲ್ಲವೂ ಪಡಸಾಲೆಯಲ್ಲಿಯೋ ಹಿತ್ತಿಲಿನಲ್ಲಿಯೋ ಇದ್ದವು. 2020ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ಭಯದಿಂದ ದೇಶವೇ ಬಾಗಿಲು ಮುಚ್ಚಿಕೊಂಡಾಗ, ಕಚೇರಿಯ ಕೆಲಸವೂ ಮನೆಗೆ ಬಂದಿತು. ಕೆಲಸದ ಬೆನ್ನಿಗೇ ಅದರ ಖರ್ಚೂ ಬಂದಿತು. ಹಗಲೆಲ್ಲ ತಿರುಗುವ ಪಂಖ, ಉರಿಯುವ ದೀಪ, ಇಂಟರ್‌ನೆಟ್ಟಿನ ಬಾಡಿಗೆ, ಬೆನ್ನು ನೋಯದಂತಹ ಒಂದು ಕುರ್ಚಿ, ಎಲ್ಲಕ್ಕೂ ಹಣ ಬೇಕು. ಈ ಖರ್ಚನ್ನು ಹೊರಬೇಕಾದವರು ಯಾರು? ಆದಾಯ ತೆರಿಗೆಯನ್ನು ಗೊತ್ತುಮಾಡುವಾಗ ಸರಕಾರವು ಇದನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ? ಗುಜರಾತಿನ ವಡೋದರಾ, ಸೂರತ್, ಅಹಮದಾಬಾದ್ ಎಂಬ ಮೂರು ನಗರಗಳು ಉದ್ಯಮಕ್ಕೂ ಕೈಕೆಲಸಕ್ಕೂ ಹೆಸರಾದವು. ಆ ನಗರಗಳಲ್ಲಿ ಒಬ್ಬೊಬ್ಬರಂತೆ ಮೂವರನ್ನು ಕಲ್ಪಿಸಿಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಮೊದಲು ಒಂದು ಮೂಲತತ್ತ್ವವನ್ನು ತಿಳಿದುಕೊಳ್ಳಬೇಕು. ಒಬ್ಬ ವ್ಯಾಪಾರಿಯು 600 ರೂಪಾಯಿಗೆ ಮಾವಿನಹಣ್ಣು ಕೊಂಡು 800 ರೂಪಾಯಿಗೆ ಮಾರಿದನೆನ್ನೋಣ. ಅವನ ಕೈಗೆ ಬಂದದ್ದು 800. ಆದರೆ ಅವನ ಆದಾಯ 200 ಮಾತ್ರ. ಕೈಗೆ ಬಂದುದೆಲ್ಲವೂ ಆದಾಯವಲ್ಲ. ಅದನ್ನು ಗಳಿಸಲು ತಗಲಿದ ಖರ್ಚನ್ನು ಕಳೆದು ಉಳಿದುದೇ ಆದಾಯ. ತೆರಿಗೆ ಬೀಳಬೇಕಾದುದು ಈ ಉಳಿದುದರ ಮೇಲೆ. ಮಾತು ಸರಳವಾಗಿಯೇ ಇದೆ. ಆದರೆ ಮನೆಯೂ ಕಾರ್ಯಾಗಾರವೂ ಒಂದೇ ಸೂರಿನಡಿ ಇದ್ದಾಗ, ಯಾವ ಖರ್ಚು ಸಂಸಾರದ್ದು, ಯಾವುದು ದುಡಿಮೆಯದು ಎಂದು ಬೇರ್ಪಡಿಸುವುದು ಸುಲಭವಲ್ಲ.

ನಮ್ಮ ದೇಶಕ್ಕೆ ಆದಾಯ ತೆರಿಗೆಯನ್ನು 1860ರಲ್ಲಿ ಜೇಮ್ಸ್ ವಿಲ್ಸನ್ ಎಂಬ ಆಂಗ್ಲ ಅರ್ಥಸಚಿವನು ತಂದನು. 1857ರ ಸಂಗ್ರಾಮದಿಂದ ಬರಿದಾದ ಬೊಕ್ಕಸವನ್ನು ತುಂಬುವುದೇ ಅವನ ಉದ್ದೇಶ. ಜನರು ಇಂತಹ ತೆರಿಗೆಗಳನ್ನು ಸುಮ್ಮನೆ ಒಪ್ಪಲಿಲ್ಲ. 1878ರಲ್ಲಿ ಸರಕಾರವು ವರ್ತಕರ ಮತ್ತು ಕುಶಲಕರ್ಮಿಗಳ ಮೇಲೆ ಲೈಸೆನ್ಸ್ ತೆರಿಗೆಯನ್ನು ಹೇರಿದಾಗ, ಸೂರತ್ತಿನ ವರ್ತಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ನಗರದಲ್ಲಿ ಗಲಭೆಯೂ ಆಯಿತು. ಸ್ವತಂತ್ರ ಭಾರತದಲ್ಲಿ 1961ರ ಆದಾಯ ತೆರಿಗೆ ಕಾಯಿದೆಯು ಬಹುಕಾಲ ನಡೆದುಬಂದಿತು. ಅದರ ಸ್ಥಾನದಲ್ಲಿ ನಿಲ್ಲಲು 2025ರಲ್ಲಿ ಹೊಸ ಕಾಯಿದೆಯು ಅಂಗೀಕೃತವಾಯಿತು. ಅದು ಜಾರಿಗೆ ಬರುವ ದಿನವನ್ನು 2026ನೆಯ ಏಪ್ರಿಲ್ 1 ಎಂದು ಗೊತ್ತುಮಾಡಲಾಯಿತು. ಕಲಮುಗಳ ಸಂಖ್ಯೆಗಳು ಬದಲಾದರೂ, ನಾವು ಇಲ್ಲಿ ವಿವರಿಸುವ ತತ್ತ್ವಗಳು 1961ರ ಕಾಯಿದೆಯಲ್ಲಿ ರೂಪುಗೊಂಡವುಗಳೇ.

ಈಗ ವಡೋದರೆಗೆ ಹೋಗೋಣ. 1965ರಲ್ಲಿ ಕೊಯಲಿಯ ತೈಲ ಶುದ್ಧೀಕರಣಾಗಾರ ಆರಂಭವಾದಂದಿನಿಂದ ಈ ನಗರದ ಸುತ್ತ ರಾಸಾಯನಿಕ ಉದ್ಯಮವೂ ಇಂಜಿನಿಯರಿಂಗ್ ಸಂಸ್ಥೆಗಳೂ ಬೆಳೆದಿವೆ. ಅಲ್ಲಿ ಸಂಬಳಕ್ಕೆ ದುಡಿಯುವ ಒಬ್ಬ ಇಂಜಿನಿಯರರು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸಮಾಡುತ್ತಾರೆನ್ನೋಣ. ತಮ್ಮ ವಿದ್ಯುತ್ತಿನ ಬಿಲ್ಲನ್ನೂ ಕುರ್ಚಿಯ ಬೆಲೆಯನ್ನೂ ಸಂಬಳದಿಂದ ಕಳೆಯಬಹುದೇ ಎಂದು ಅವರು ಕೇಳಿದರೆ, ಆಗದು ಎಂಬುದೇ ಉತ್ತರ. ಸಂಬಳದ ಆದಾಯದಿಂದ ಕಳೆಯಬಹುದಾದ ಬಾಬುಗಳನ್ನು ಕಾಯಿದೆಯು ಬೆರಳೆಣಿಕೆಯಷ್ಟಕ್ಕೆ ಸೀಮಿತಗೊಳಿಸಿದೆ. ಮನೆಯ ಕಚೇರಿಯ ಖರ್ಚು ಅವುಗಳಲ್ಲಿಲ್ಲ. ಅದಕ್ಕೆ ಬದಲಾಗಿ ಎಲ್ಲ ಸಂಬಳದಾರರಿಗೂ ಒಂದು ನಿಗದಿಯಾದ ಮೊತ್ತದ ಕಡಿತವಿದೆ. 2018–19ರಲ್ಲಿ ಇದು 40,000 ರೂಪಾಯಿ ಇತ್ತು. ಮರುವರ್ಷ 50,000 ಆಯಿತು. 2024–25ರಿಂದ ಹೊಸ ತೆರಿಗೆ ಪದ್ಧತಿಯನ್ನು ಆರಿಸಿದವರಿಗೆ 75,000 ಆಯಿತು. ಇದಕ್ಕೆ ಯಾವ ಬಿಲ್ಲನ್ನೂ ತೋರಿಸಬೇಕಾಗಿಲ್ಲ. ಖರ್ಚು ಮಾಡಿದವರಿಗೂ ಮಾಡದವರಿಗೂ ಒಂದೇ ಅಳತೆ.

ಹಾಗಾದರೆ ಈ ಇಂಜಿನಿಯರರಿಗೆ ಬೇರೆ ದಾರಿಯಿಲ್ಲವೇ? ಇದೆ, ಆದರೆ ಅದು ಧಣಿಯ ಕೈಯಲ್ಲಿದೆ. ಸಂಸ್ಥೆಯು ತನ್ನ ಲ್ಯಾಪ್‌ಟಾಪನ್ನು ಬಳಕೆಗೆ ಕೊಟ್ಟರೆ, ಕೆಲಸದ ದೂರವಾಣಿಯ ಬಿಲ್ಲನ್ನು ತಾನೇ ಭರಿಸಿದರೆ, ಅದನ್ನು ನೌಕರನ ಆದಾಯಕ್ಕೆ ಸೇರಿಸಬಾರದೆಂದು 1962ರ ನಿಯಮಗಳು ಹೇಳಿದವು. ಕುರ್ಚಿ ಮೇಜುಗಳ ವಿಷಯ ಬೇರೆ. ಸಂಸ್ಥೆಯು 8,000 ರೂಪಾಯಿಯ ಕುರ್ಚಿಯನ್ನು ಕೊಟ್ಟರೆ, ಅದರ ಬೆಲೆಯ ನೂರಕ್ಕೆ 10ರಂತೆ ವರ್ಷಕ್ಕೆ 800 ರೂಪಾಯಿ ನೌಕರನಿಗೆ ಸಂದ ಸವಲತ್ತೆಂದು ಆ ನಿಯಮಗಳು ಎಣಿಸಿದವು. ಒಂದೇ ಮೇಜಿನ ಮೇಲಿನ ಯಂತ್ರಕ್ಕೆ ಒಂದು ನ್ಯಾಯ, ಅದರ ಮುಂದಿನ ಕುರ್ಚಿಗೆ ಇನ್ನೊಂದು!

ಪರದೇಶಗಳಲ್ಲಿ ಆ ಕಾಲದಲ್ಲಿ ಏನಾಯಿತು? 2020ರಲ್ಲಿ ಬ್ರಿಟನ್ ಮನೆಯಿಂದ ದುಡಿಯಬೇಕಾದ ನೌಕರರಿಗೆ ವಾರಕ್ಕೆ 6 ಪೌಂಡುಗಳನ್ನು ಆದಾಯದಿಂದ ಕಳೆಯಲು ಅವಕಾಶವಿತ್ತಿತು. ಕೆನಡಾ ದಿನಕ್ಕೆ 2 ಡಾಲರುಗಳ, ಆಸ್ಟ್ರೇಲಿಯ ಗಂಟೆಗೆ 80 ಸೆಂಟುಗಳ ಸುಲಭ ಲೆಕ್ಕವನ್ನು ತಂದವು. ಕೆನಡಾ ಮತ್ತು ಆಸ್ಟ್ರೇಲಿಯದ ಆ ವ್ಯವಸ್ಥೆಗಳು ತಾತ್ಕಾಲಿಕವಾಗಿದ್ದು, ಮುಂದೆ ನಿಂತುಹೋದವು. ಭಾರತದಲ್ಲಿಯೂ ಇಂತಹ ರಿಯಾಯಿತಿ ಬೇಕೆಂಬ ಕೋರಿಕೆ ಎದ್ದಿತಾದರೂ ಪ್ರತ್ಯೇಕ ಕಡಿತವು ಬರಲಿಲ್ಲ.

ಎರಡನೆಯದಾಗಿ ಸೂರತ್. ವಜ್ರಕ್ಕೆ ಸಾಣೆ ಹಿಡಿಯುವ, ಜರಿ ಎಳೆಯುವ, ಸೀರೆಗಳ ಮೂಟೆಗಳನ್ನು ದೇಶದ ಮೂಲೆಮೂಲೆಗೂ ಕಳುಹಿಸುವ ಊರು ಅದು. ಅಲ್ಲಿ ಸ್ವತಂತ್ರವಾಗಿ ಕಟ್ಟಡಗಳ ನಕ್ಷೆ ಬರೆದುಕೊಡುವ ಒಬ್ಬ ವಾಸ್ತುಶಿಲ್ಪಿ ಮಹಿಳೆಯು ತಮ್ಮ ಬಾಡಿಗೆ ಮನೆಯ ಒಂದು ಕೋಣೆಯನ್ನೇ ಕಚೇರಿಯಾಗಿ ಮಾಡಿಕೊಂಡಿದ್ದಾರೆನ್ನೋಣ. ಇವರು ಯಾರ ಸಂಬಳಕ್ಕೂ ಒಳಪಟ್ಟವರಲ್ಲ; ಆದುದರಿಂದ ಕಾಯಿದೆಯು ಇವರನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ವಾಸದ ಮನೆಯ ಒಂದು ಭಾಗ ವೃತ್ತಿಗೆ ಬಳಕೆಯಾದರೆ, ಬಾಡಿಗೆಯ ಅಷ್ಟು ಪಾಲನ್ನು ವೃತ್ತಿಯ ಖರ್ಚೆಂದು ಕಳೆಯಬಹುದೆಂದು 1961ರ ಕಾಯಿದೆಯ 38ನೆಯ ಕಲಮು ಹೇಳಿತು.

ಲೆಕ್ಕ ಮಾಡೋಣ. ಮನೆಯಲ್ಲಿ ಸಮಾನವಾದ ನಾಲ್ಕು ಕೋಣೆಗಳು. ತಿಂಗಳ ಬಾಡಿಗೆ 12,000 ರೂಪಾಯಿ. ಒಂದು ಕೋಣೆಯ ಪಾಲು 3,000, ವರ್ಷಕ್ಕೆ 36,000. ವರ್ಷದ ವಿದ್ಯುತ್ತಿನ ಬಿಲ್ಲು 24,000. ಅದರಲ್ಲಿ ಮೂರನೆಯ ಒಂದು ಪಾಲು ಕಚೇರಿಯದೆಂದರೆ 8,000. ಇನ್ನು 50,000 ರೂಪಾಯಿಯ ಕಂಪ್ಯೂಟರು. ಅದು ಒಂದೇ ವರ್ಷದಲ್ಲಿ ಸವೆದುಹೋಗುವ ವಸ್ತುವಲ್ಲವಾದ್ದರಿಂದ ಪೂರ್ತಿ ಬೆಲೆಯನ್ನು ಒಮ್ಮೆಗೇ ಕಳೆಯಲಾಗದು. ಸವಕಳಿಯೆಂದು ನೂರಕ್ಕೆ 40ರಂತೆ ಕಳೆಯಬೇಕು. ಮೊದಲ ವರ್ಷ 20,000. ಮರುವರ್ಷ ಉಳಿದ 30,000ದ ಮೇಲೆ 12,000. ಹೀಗೆ ಮೊದಲ ವರ್ಷ ಈ ಮೂರು ಬಾಬುಗಳಿಂದ 64,000 ರೂಪಾಯಿ ಆದಾಯದಿಂದ ಕಳೆಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಳೆಯುವುದು ಆದಾಯದಿಂದಲೇ ಹೊರತು ತೆರಿಗೆಯಿಂದಲ್ಲ. ತೆರಿಗೆಯ ದರ ನೂರಕ್ಕೆ 20 ಆಗಿದ್ದರೆ, 64,000ದ ಕಡಿತದಿಂದ ಉಳಿಯುವ ತೆರಿಗೆ 12,800 ರೂಪಾಯಿ ಮಾತ್ರ.

ಮನೆ ಸ್ವಂತದ್ದಾಗಿದ್ದರೆ? ತನಗೆ ತಾನೇ ಬಾಡಿಗೆ ಕೊಟ್ಟೆನೆಂದು ಬರೆಯುವಂತಿಲ್ಲ. ದುರಸ್ತಿ, ನಗರಸಭೆಯ ಕರ, ವಿಮೆ ಮೊದಲಾದವುಗಳಲ್ಲಿ ವೃತ್ತಿಗೆ ಸಲ್ಲುವ ಪಾಲನ್ನು ಮಾತ್ರ ಕಳೆಯಬಹುದು. ಇಷ್ಟೆಲ್ಲ ಲೆಕ್ಕ ಇಡಲಾರದವರಿಗೆ ಇನ್ನೊಂದು ದಾರಿಯೂ ಇದೆ. ವಾಸ್ತುಶಿಲ್ಪಿ, ವಕೀಲ, ವೈದ್ಯ ಮೊದಲಾದ ಗೊತ್ತಾದ ವೃತ್ತಿಗಳವರು ವರ್ಷದ ಗಳಿಕೆಯು 50 ಲಕ್ಷದೊಳಗಿದ್ದರೆ, ಬಂದ ಹಣದ ಕನಿಷ್ಠ ಅರ್ಧವನ್ನು ಆದಾಯವೆಂದು ಒಪ್ಪಿಕೊಳ್ಳಬಹುದು; ಉಳಿದರ್ಧದಲ್ಲಿ ಎಲ್ಲ ಖರ್ಚೂ ಅಡಗಿತೆಂದು ಭಾವಿಸಲಾಗುತ್ತದೆ. ಆಗ ಕೋಣೆಯ ಬಾಡಿಗೆಯನ್ನು ಮತ್ತೆ ಬೇರೆಯಾಗಿ ಕೇಳುವಂತಿಲ್ಲ. ನಿಜವಾದ ಖರ್ಚು ಅರ್ಧಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಪುಸ್ತಕ ಬರೆದಿಟ್ಟು ಲೆಕ್ಕ ಒಪ್ಪಿಸುವುದು ಲಾಭಕರ.

ಕೊನೆಯದಾಗಿ ಅಹಮದಾಬಾದ್. ಬಟ್ಟೆಗಿರಣಿಗಳಿಂದ ಪ್ರಸಿದ್ಧವಾದ ಈ ನಗರದಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅನೇಕ ಕುಟುಂಬಗಳನ್ನು ಹೆಂಗಸರ ಮನೆದುಡಿಮೆಯೇ ಹಿಡಿದು ನಿಲ್ಲಿಸಿತು. ಉಡುಪು ಹೊಲಿಯುವುದು, ಊದುಬತ್ತಿ ಹೊಸೆಯುವುದು, ಉತ್ತರಾಯಣದ ಗಾಳಿಪಟ ಅಂಟಿಸುವುದು ಇವೆಲ್ಲ ಮನೆಯೊಳಗಿನ ಕೆಲಸಗಳೇ. ನಮ್ಮ ಮಂಗಳೂರು, ಕಾಸರಗೋಡುಗಳ ಕಡೆ ಮನೆಯ ಜಗುಲಿಯಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ.

ಅಂತಹ ಒಬ್ಬ ತಾಯಿಯು ದಿನಕ್ಕೆ 100 ಉಡುಪುಗಳಿಗೆ ಅಂಚು ಹೊಲಿಯುತ್ತಾಳೆ, ಒಂದಕ್ಕೆ 3 ರೂಪಾಯಿಯೆನ್ನೋಣ. ಬಂದದ್ದು 300. ಅದರಲ್ಲಿ ದಾರಕ್ಕೆ 35, ವಿದ್ಯುತ್ತಿಗೆ 15, ಸೂಜಿಗೂ ಯಂತ್ರದ ಎಣ್ಣೆಗೂ 10 ಹೋದರೆ ಉಳಿದದ್ದು 240. ಕೋಣೆಯ ಬಾಡಿಗೆಯನ್ನು ನಾವಿನ್ನೂ ಎಣಿಸಿಯೇ ಇಲ್ಲ. ಇವಳಿಗೆ ಆದಾಯ ತೆರಿಗೆಯ ರಿಯಾಯಿತಿ ದೊರೆಯುವುದೇ? ದೊರೆಯದು. ಇವಳ ಆದಾಯವು ತೆರಿಗೆಯ ಮಿತಿಯನ್ನು ಮುಟ್ಟುವುದೇ ಇಲ್ಲ. ಇಲ್ಲದ ತೆರಿಗೆಯಲ್ಲಿ ರಿಯಾಯಿತಿ ಎಲ್ಲಿಂದ ಬರಬೇಕು? ಹಾಗೆಂದು ಅವಳು ಸರಕಾರಕ್ಕೆ ಏನನ್ನೂ ಕೊಡುವುದಿಲ್ಲವೆನ್ನುವುದು ತಪ್ಪು. ಅಂಗಡಿಯಲ್ಲಿ ಕೊಳ್ಳುವ ದಾರದ, ಎಣ್ಣೆಯ ಬೆಲೆಯೊಳಗೇ ಪರೋಕ್ಷ ತೆರಿಗೆ ಅಡಗಿರುತ್ತದೆ. ದೊಡ್ಡ ಕಾರಖಾನೆಯವನು ಕಟ್ಟಡದ ಬಾಡಿಗೆಯನ್ನೂ ವಿದ್ಯುತ್ತನ್ನೂ ಖರ್ಚೆಂದು ಬರೆದು ಕಳೆಯುತ್ತಾನೆ. ಅದೇ ಕೆಲಸವನ್ನು ಮನೆಗೆ ಕಳುಹಿಸಿದಾಗ ಆ ಖರ್ಚು ಹೆಂಗಸಿನ ಕೂಲಿಯೊಳಗೆ ಸದ್ದಿಲ್ಲದೆ ಸೇರಿಹೋಗುತ್ತದೆ.

ಇಂತಹವರಿಗೆ ಪರಿಹಾರವು ತೆರಿಗೆಯ ಕಚೇರಿಯಲ್ಲಿಲ್ಲ, ಕೂಲಿಯ ದರದಲ್ಲಿದೆ. ಇದನ್ನು ಮನಗಂಡವರಲ್ಲಿ ಇಳಾ ಭಟ್ಟರು ಪ್ರಮುಖರು. ಅನಸೂಯಾ ಸಾರಾಭಾಯಿ ಮತ್ತು ಗಾಂಧೀಜಿಯವರ ನೇತೃತ್ವದಲ್ಲಿ 1920ರಲ್ಲಿ ಹುಟ್ಟಿದ ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘ ‘ಮಜೂರ್ ಮಹಾಜನ’ದಲ್ಲಿ ಅವರು ಕೆಲಸಮಾಡುತ್ತಿದ್ದರು. 1972ರಲ್ಲಿ ಅವರು ಸ್ವಂತ ದುಡಿಮೆಯ ಹೆಂಗಸರಿಗಾಗಿ ‘ಸೇವಾ’ ಎಂಬ ಸಂಘವನ್ನು ಕಟ್ಟಿದರು. 1974ರಲ್ಲಿ ಅವರದೇ ಆದ ಬ್ಯಾಂಕೂ ಆರಂಭವಾಯಿತು. ಮನೆಯಲ್ಲಿ ದುಡಿಯುವವರೂ ಕಾರ್ಮಿಕರೇ ಎಂಬ ವಾದವು ದೇಶದೇಶಗಳಲ್ಲಿ ಬೆಳೆದು, 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆದುಡಿಮೆಯನ್ನು ಕುರಿತ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು ಅದನ್ನು ಇನ್ನೂ ಅನುಮೋದಿಸಿಲ್ಲ.

ಹೀಗೆ ಮೂವರ ಮನೆಯಲ್ಲಿಯೂ ದೀಪ ಉರಿಯಿತು. ಇಂಜಿನಿಯರರಿಗೆ ನಿಗದಿಯಾದ ಕಡಿತ, ವಾಸ್ತುಶಿಲ್ಪಿಗೆ ತಕ್ಕ ಪಾಲಿನ ಕಡಿತ, ಹೊಲಿಯುವ ತಾಯಿಗೆ ಯಾವುದೂ ಇಲ್ಲ. ಆದರೂ ಮೂವರಿಗೂ ಸಮಾನವಾಗಿ ಬೇಕಾದ ಸಾಧನವೊಂದಿದೆ. ಅದು ಜಮಾಖರ್ಚಿನ ಪುಸ್ತಕ. ಬಾಡಿಗೆಯ ರಸೀದಿ, ವಿದ್ಯುತ್ತಿನ ಬಿಲ್ಲು, ಕೊಂಡ ವಸ್ತುವಿನ ಚೀಟಿ ಇವು ಕೈಯಲ್ಲಿದ್ದರೆ ಒಬ್ಬರು ತೆರಿಗೆಯ ಅಧಿಕಾರಿಯ ಮುಂದೆ ಧೈರ್ಯವಾಗಿ ನಿಲ್ಲಬಹುದು. ಇನ್ನೊಬ್ಬರು ಕೆಲಸ ಕೊಡುವವನ ಮುಂದೆ ಕುಳಿತು, “ಮೂರು ರೂಪಾಯಿಯಲ್ಲಿ ಅರವತ್ತು ಪೈಸೆ ನನ್ನ ಖರ್ಚಿಗೇ ಹೋಗುತ್ತದೆ, ದರ ಹೆಚ್ಚಿಸಿ” ಎಂದು ಕೇಳಬಹುದು. ಸಂಸಾರದ ಖರ್ಚನ್ನು ವೃತ್ತಿಯ ಲೆಕ್ಕಕ್ಕೆ ತುರುಕುವುದು ಮೋಸ. ವೃತ್ತಿಯ ಖರ್ಚನ್ನು ಎಣಿಸದೆ ಬಿಡುವುದು ನಷ್ಟ. ವಿದ್ಯಾರ್ಥಿಮಿತ್ರರ ಮನೆಗಳಲ್ಲಿಯೂ ಹೊಲಿಗೆ, ಟ್ಯೂಷನ್, ಹಪ್ಪಳ, ಕಂಪ್ಯೂಟರ್ ಕೆಲಸ ಹೀಗೆ ಏನಾದರೊಂದು ದುಡಿಮೆ ನಡೆಯುತ್ತಿರಬಹುದು. ಒಂದು ತಿಂಗಳ ಮಟ್ಟಿಗೆ ಅದರ ಖರ್ಚನ್ನು ಬೇರೆ ಹಾಳೆಯಲ್ಲಿ ಬರೆದು ಕೂಡಿನೋಡಿರಿ. ಅಂಕಗಣಿತದಲ್ಲಿ ನಾವು ಕಲಿತ ಲಾಭನಷ್ಟದ ಪಾಠವು ನಮ್ಮ ಮನೆಯವರಿಗೆ ಉಪಯೋಗಕ್ಕೆ ಬರುವುದು ಅಲ್ಲಿಯೇ.